ದಿಂಬಿನೊಳಗಿನ ಬೀಜ

ಈ ಕಥೆ ನನಗೆ ಯಾರು ಹೇಳಿದರು ಅಂತ ಮಾತ್ರ ಕೇಳಬೇಡಿ. ನಮ್ಮೂರಿನಲ್ಲಿ ಆ ಪ್ರಶ್ನೆ ಕೇಳುವವರು ಒಂದೋ ಹೊಸಬರು, ಇಲ್ಲವೇ ಪೊಲೀಸಿನವರು. ಇಬ್ಬರಿಗೂ ಇದುವರೆಗೆ ಉತ್ತರ ಸಿಕ್ಕಿಲ್ಲ. ಇಲ್ಲಿ ಒಂದು ನಿದ್ದೆ ಮುಗಿಸಿ ಎದ್ದರೆ ಹಿಂದಿನ ದಿನ ಕಿವಿಗೆ ಬಿದ್ದ ಮಾತೆಲ್ಲ ಒಂದಕ್ಷರ ತಪ್ಪದೆ ನೆನಪಿರುತ್ತದೆ. ಆಡಿದವರು ಯಾರು, ಎಲ್ಲಿ ಆಡಿದರು, ಯಾವ ದನಿಯಲ್ಲಿ ಆಡಿದರು ಅನ್ನುವುದು ಮಾತ್ರ ಕರಗಿಹೋಗಿರುತ್ತದೆ. ಕೇಳಿದವರಿಗಷ್ಟೇ ಅಲ್ಲ, ಆಡಿದವರಿಗೂ ಇದೇ ಗತಿ. ತಲೆಯಲ್ಲಿ ಕೂತಿರುವ ಮಾತು ತನ್ನದೋ ಪಕ್ಕದ ಮನೆಯವಳದೋ ದೇವರಿಗೇ ಗೊತ್ತು. ಆ ದೇವರೂ ನಮ್ಮೂರಲ್ಲೇ ಮಲಗಿ ಏಳುವುದರಿಂದ ಅವನ ಮೇಲೂ ನನಗೆ ಅಷ್ಟೇನೂ ಭರವಸೆಯಿಲ್ಲ. ಬರೆದಿಟ್ಟುಕೊಳ್ಳಬಾರದೇ ಅನ್ನುತ್ತೀರಿ. ಬರೆದೂ ನೋಡಿದರು. ಬೆಳಿಗ್ಗೆ ಎದ್ದು ಚೀಟಿ ಬರೆದವರು ಯಾರು ಅಂತ ಹೊಡೆದಾಡಿದರು.

ಹಾಗಂತ ಮಾತನ್ನು ದಿಕ್ಕಿಲ್ಲದ ಹಾಗೆ ಬೀದಿಯಲ್ಲಿ ಬಿಡುವುದಕ್ಕಾಗುತ್ತದೆಯೇ? ಅದಕ್ಕೇ ನಮ್ಮಲ್ಲಿ ‘ಬಾಯಿ ಹಚ್ಚುವುದು’ ಅಂತ ಒಂದು ಕೆಲಸವಿದೆ. ಬೆಳಿಗ್ಗೆ ಪದ್ಮನಾಭಯ್ಯನ ಹೋಟೆಲಿನಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ತಮ್ಮ ತಲೆಯಲ್ಲಿ ಉಳಿದ ಮಾತನ್ನು ಹೇಳುತ್ತಾರೆ. ಪದ್ಮನಾಭಯ್ಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕಣ್ಣು ಮುಚ್ಚಿ, ಇದು ಇಂಥವರ ಬಾಯಿಂದ ಬಂದದ್ದು ಅಂತ ತೀರ್ಪು ಕೊಡುತ್ತಾನೆ. ಅವನ ಲೆಕ್ಕಾಚಾರ ಬಹಳ ಸುಲಭ. ಒಳ್ಳೆಯ ಮಾತು ಒಳ್ಳೆಯವರದು, ಕೆಟ್ಟ ಮಾತು ಕೆಟ್ಟವರದು, ಅರ್ಥವಾಗದ ಮಾತು ದೊಡ್ಡವರದು. ಒಂದು ಸಲ ಊರಿಗೆ ಸ್ವಾಮಿಗಳು ಬಂದು ಹೋದ ಮರುದಿನ ಎಲ್ಲರ ತಲೆಯಲ್ಲೂ ‘ಒಳಗೇನೂ ಇಲ್ಲ ಕಣ್ರಯ್ಯಾ, ಎಲ್ಲಾ ಖಾಲಿ’ ಅನ್ನುವ ಮಾತು ಉಳಿದಿತ್ತು. ಪದ್ಮನಾಭಯ್ಯ ಕೈ ಮುಗಿದು ಅದನ್ನು ಸ್ವಾಮಿಗಳಿಗೆ ಹಚ್ಚಿದ. ಈಗ ಅದನ್ನು ಮಠದ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ, ಹೋಗಿ ಬರುವವರೆಲ್ಲ ಅದಕ್ಕೆ ಅಡ್ಡ ಬೀಳುತ್ತಾರೆ. ನನ್ನನ್ನು ಕೇಳಿದರೆ, ಅದು ಮರಿಸಿದ್ದ ಅನ್ನುವ ಕುಡುಕ ತನ್ನ ಬಾಟಲಿ ಬಗ್ಗಿಸಿ ನೋಡಿ ಹೇಳಿದ ಮಾತು. ನನ್ನನ್ನು ಯಾರೂ ಕೇಳಲಿಲ್ಲ.

ಈ ಏರ್ಪಾಡಿನಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವಳು ಬೋಂಡದ ಚಿಕ್ಕತಾಯಮ್ಮ. ಹೋಟೆಲಿನ ಹೊರಗೆ ಬೇವಿನ ಮರದ ಕೆಳಗೆ ಒಲೆ ಹೂಡಿಕೊಂಡು ಬೋಂಡ ಕರಿಯುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಾಯಿ ಜೋರು. ಇಲ್ಲ ಅನ್ನುವುದಿಲ್ಲ. ಸೈಕಲ್ಲಿನವನು ಒಲೆಯ ಹತ್ತಿರ ಧೂಳೆಬ್ಬಿಸಿದರೆ ಅವನ ಮೂರು ತಲೆಮಾರು ನಿಂತು ಕೇಳುವಂಥ ಬೈಗುಳ ಬರುತ್ತಿತ್ತು. ಆದರೆ ಊರಿನಲ್ಲಿ ಬೈಯುವವಳು ಅವಳೊಬ್ಬಳೇ ಏನು? ಯಾರು ಯಾರಿಗೆ ‘ನಿನ್ನ ಮನೆ ಎಕ್ಕುಟ್ಟೋಗ’ ಅಂದರೂ ಬೆಳಿಗ್ಗೆ ಅದು ಚಿಕ್ಕತಾಯಮ್ಮನ ತಲೆಗೇ ಬರುತ್ತಿತ್ತು. ಒಂದು ಸಲ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಆ ದಿನ ಊರಲ್ಲಿ ಆದ ಬೈಗುಳವನ್ನೂ ಬಿಡದೆ ಅವಳಿಗೇ ಹಚ್ಚಿ, ‘ಪಾಪ, ಜ್ವರದಲ್ಲೂ ಎದ್ದು ಬಂದು ಬೈದು ಹೋಗಿದ್ದಾಳೆ ನೋಡಿ’ ಅಂತ ಮರುಗಿದರು. ಇನ್ನೂ ವಿಚಿತ್ರವೆಂದರೆ ಅವಳೂ ಇದನ್ನು ನಂಬಿದ್ದಳು. ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಹೊಲಸು ಮಾತಿದ್ದರೆ ‘ಓ, ನಂದು’ ಅನ್ನುವಳು. ಒಳ್ಳೆಯ ಮಾತಿದ್ದರೆ ಇದ್ಯಾರದಪ್ಪ ಅಂತ ಯೋಚಿಸುವಳು.

ಒಳ್ಳೆಯ ಮಾತೆಲ್ಲ ಹೋಗಿ ಸೇರುತ್ತಿದ್ದುದು ಸರ್ವಮಂಗಳಾ ಮಿಸ್ ಹತ್ತಿರ. ಶಾಲೆಯ ಟೀಚರು, ಮದುವೆಯಾಗಿರಲಿಲ್ಲ, ತಿಳಿ ಬಣ್ಣದ ಸೀರೆ ಉಟ್ಟು ನೆಲ ನೋಡಿಕೊಂಡು ನಡೆಯುವವರು. ಊರಿನಲ್ಲಿ ಯಾರು ಯಾರಿಗೆ ಸಮಾಧಾನ ಹೇಳಿದರೂ ಅದು ಮಿಸ್ಸಿಂದೇ. ಆ ಹೆಂಗಸು ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದರೋ ಇಲ್ಲವೋ, ಅವರ ಹೆಸರಿನಲ್ಲಿ ಒಂದು ಚೀಲ ಮಾತು ಓಡಾಡುತ್ತಿತ್ತು.

ಇಷ್ಟರ ನಡುವೆ ಗುರುಮಲ್ಲಪ್ಪನ ವಿಷಯ. ಚಿಕ್ಕತಾಯಮ್ಮನ ಒಲೆಗೆ ನೇರ ಎದುರಿಗೆ, ರಸ್ತೆಯ ಆಚೆ, ಅವನ ಹಾಸಿಗೆ ಅಂಗಡಿ. ಹೆಂಡತಿ ಸತ್ತು ಒಂಟಿಯಾಗಿದ್ದ. ಅಂಗಿಯ ಕಾಲರಿಗೆ ಸದಾ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡು, ಮೈಗೆಲ್ಲ ಹತ್ತಿ ಅಂಟಿಸಿಕೊಂಡು ಕೂತಿರುತ್ತಿದ್ದ. ಊರಿನ ಎಲ್ಲ ದಿಂಬೂ ಅವನು ತುಂಬಿದ್ದೇ. ಅವನಿಗಿದ್ದ ಒಂದೇ ಒಂದು ಜಂಬವೆಂದರೆ, ತನ್ನ ದಿಂಬಿನ ಬೂರುಗದ ಹತ್ತಿಯಲ್ಲಿ ಒಂದು ಬೀಜ ತೋರಿಸಿದರೆ ಅಂಗಡಿ ಮುಚ್ಚುತ್ತೇನೆ ಅನ್ನುವುದು. ಸಂಜೆ ಒಲೆ ಆರಿಸುವ ಮುಂಚೆ ಚಿಕ್ಕತಾಯಮ್ಮ ಉಳಿದ ಬೋಂಡವನ್ನು ಎಲೆಯಲ್ಲಿ ಕಟ್ಟಿ ಅವನಿಗೆ ಕೊಟ್ಟು ಬರುವಳು. ‘ಓ ಹತ್ತಿಯವ್ರೇ, ತಗಳಿ, ನಾಯಿಗಾಕೋ ಬದ್ಲು’ ಅನ್ನುವಳು. ಊರಿನ ಗಂಡಸರನ್ನೆಲ್ಲ ಅಣ್ಣ ಅನ್ನುತ್ತಿದ್ದವಳು ಅವನೊಬ್ಬನನ್ನು ಅಣ್ಣ ಅಂದವಳಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ, ಅವಳೂ ಸೇರಿ.

ಒಂದು ಬೆಳಿಗ್ಗೆ ಗುರುಮಲ್ಲಪ್ಪ ಹೋಟೆಲಿಗೆ ಬಂದವನು ಕಾಫಿಗೆ ಕೈ ಹಾಕಲಿಲ್ಲ. ಕಿವಿ ಕೆಂಪಾಗಿತ್ತು.

“ಅಯ್ನೋರೇ, ಯಾರೋ ನಂಗೊಂದು ಮಾತು ಹೇಳವ್ರೆ,” ಅಂದ.

“ಏನಂತೆ? ಗಟ್ಟಿಯಾಗಿ ಹೇಳಯ್ಯ, ಕದ್ದ ಮಾಲೇನಲ್ಲವಲ್ಲ,” ಅಂದ ಪದ್ಮನಾಭಯ್ಯ.

ಗುರುಮಲ್ಲಪ್ಪ ಮುಖ ಕೆಳಗೆ ಹಾಕಿಕೊಂಡು ಹೇಳಿದ: “‘ನಿಮ್ಮ ದಿಂಬು ಇರೋದ್ರಿಂದ ಮನೇಲಿ ನಾನೊಬ್ಬಳೇ ಅನ್ನಿಸಲ್ಲ.’”

ಕೂತಿದ್ದವರೆಲ್ಲ ಅವನ ಕಡೆ ತಿರುಗಿದರು. ಆದರೆ ಇಲ್ಲಿ ಒಂದು ಗುಟ್ಟಿದೆ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವನು ಹೇಳಿದ್ದು ಪೂರ್ತಿ ಮಾತಲ್ಲ. ಅವನ ತಲೆಯಲ್ಲಿದ್ದ ಮಾತು ಹೀಗಿತ್ತು: ‘ನಿಮ್ಮ ದಿಂಬಲ್ಲಿ ಒಂದು ಬೀಜ ಸೇರಿಕೊಂಡು ಮಲಗಿದ್ರೆ ಕಿವಿಗೆ ಒತ್ತುತ್ತೆ. ಒತ್ತಲಿ ಬಿಡಿ, ಅದು ಇರೋದ್ರಿಂದ ಮನೇಲಿ ನಾನೊಬ್ಬಳೇ ಅನ್ನಿಸಲ್ಲ.’ ಹತ್ತಿಯಲ್ಲಿ ಬೀಜ ಅಂದರೆ ಮರ್ಯಾದೆಯ ಪ್ರಶ್ನೆ. ಅದಕ್ಕೇ ಬೀಜವನ್ನು ನುಂಗಿ ಬರೀ ದಿಂಬನ್ನು ಹೇಳಿದ.

“ಒಬ್ಬಳೇ ಅಂದಮೇಲೆ ಹೆಂಗಸು,” ಅಂದ ಪದ್ಮನಾಭಯ್ಯ, ದೊಡ್ಡ ಪತ್ತೇದಾರನ ಹಾಗೆ. “ಮನೇಲಿ ಒಬ್ಬಳೇ ಇರೋ ಹೆಂಗಸು. ಮನಸ್ಸು ಮೃದು, ಮಾತು ಮೆತ್ತಗೆ. ಇನ್ನು ನಾನು ಬೇರೆ ಹೆಸರು ಹೇಳಬೇಕೇನ್ರಪ್ಪ?”

“ಮಿಸ್ಸು!” ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ನಾನೂ ಕೂಗಿದೆ ಅಂತ ಕಾಣುತ್ತದೆ.

ಗುರುಮಲ್ಲಪ್ಪ ಒಂದು ಗಳಿಗೆ ಬಾಗಿಲಿನಾಚೆ ಬೇವಿನ ಮರದ ಕಡೆ ನೋಡಿದ. ಅಲ್ಲೂ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸೊಬ್ಬಳಿದ್ದಳು. ಆದರೆ ಅದೇ ಹೊತ್ತಿಗೆ ಅವಳು ಎಮ್ಮೆಯವನೊಬ್ಬನಿಗೆ ಅವನ ಎಮ್ಮೆಗೂ ಅವನಿಗೂ ಇರುವ ಸಂಬಂಧವನ್ನು ವಿವರಿಸುತ್ತಿದ್ದಳು. ಗುರುಮಲ್ಲಪ್ಪ ನಿಟ್ಟುಸಿರು ಬಿಟ್ಟು ಕಾಫಿ ಕುಡಿದ.

ಚಿಕ್ಕತಾಯಮ್ಮನಿಗೆ ಇದೆಲ್ಲ ಕೇಳಿಸಿತು. ಜಾಲರಿ ಹಿಡಿದ ಕೈ ಹಾಗೇ ನಿಂತು ಒಂದು ಒಬ್ಬೆ ಬೋಂಡ ಕಪ್ಪಗಾಯಿತು. ಏಕೆಂದರೆ ಬೆಳಿಗ್ಗೆ ಎದ್ದಾಗಿನಿಂದ ಅವಳ ತಲೆಯಲ್ಲೂ ಇದೇ ಮಾತು ಕೂತಿತ್ತು, ಬೀಜದ ಸಮೇತ. ಯಾರ ಮಾತಿದು ಅಂತ ಹಿಟ್ಟು ಕಲಸುವಾಗಲೆಲ್ಲ ಯೋಚಿಸಿದ್ದಳು. ಈಗ ಗೊತ್ತಾಯಿತು. ಮಿಸ್ಸು ಅವನ ಅಂಗಡಿಯಲ್ಲಿ ನಿಂತು ಹೇಳಿರಬೇಕು, ತಾನು ಬೋಂಡ ಕೊಡಲು ಹೋದಾಗ ಕಿವಿಗೆ ಬಿದ್ದಿರಬೇಕು. ತನ್ನ ದಿಂಬಿನಲ್ಲೂ ಒಂದು ಬೀಜ ಇತ್ತಲ್ಲ? ಇದ್ದರೇನು, ಎಲ್ಲರ ದಿಂಬಲ್ಲೂ ಇರುತ್ತದೆ, ಇವನ ಜಂಬ ಯಾರು ನಂಬುತ್ತಾರೆ. ಆ ಬೀಜ ಕಿವಿಗೆ ಒತ್ತಿದಾಗ ತನಗೂ ಹಾಗೇ ಅನ್ನಿಸುತ್ತಿತ್ತಲ್ಲ? ಅನ್ನಿಸಬಹುದು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವುದು ಅವಳ ಜಾತಕದಲ್ಲೇ ಇರಲಿಲ್ಲ. ‘ನಾನಾ? ಥೂ, ನನ್ ಬಾಯಲ್ಲಿ ಅಂಥ ಮಾತು ಬಂದಾದಾ,’ ಅಂದುಕೊಂಡಳು. ಅಂದುಕೊಂಡ ಮೇಲೆ ಎದೆಯೊಳಗೆ ಏನೋ ಕಿತ್ತು ಬಂದ ಹಾಗಾಯಿತು. ಅವಳಿಗೆ ಗುರುಮಲ್ಲಪ್ಪ ಬೇಕಾಗಿದ್ದ. ಅಷ್ಟೇ ವಿಷಯ. ಅದು ತಿಳಿದದ್ದು ಅವನು ಕೈತಪ್ಪುವ ದಿನ.

ನಮ್ಮೂರಿನಲ್ಲಿ ಒಪ್ಪಿಗೆ ಸಿಕ್ಕ ದಿನವೇ ತಾಳಿ ಕಟ್ಟಿಸುತ್ತೇವೆ. ಒಂದು ನಿದ್ದೆ ಆಯಿತೆಂದರೆ ‘ಆಗಲಿ’ ಅಂದವರು ಯಾರು, ‘ಬೇಡ’ ಅಂದವರು ಯಾರು ಅಂತ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಎಲ್ಲ ಮದುವೆಯೂ ಗೋಧೂಳಿ ಮುಹೂರ್ತದಲ್ಲೇ. ಪದ್ಮನಾಭಯ್ಯ ಹೆಗಲಿಗೆ ಶಲ್ಯ ಹಾಕಿಕೊಂಡು ನಾಲ್ಕು ಜನರನ್ನು ಕರೆದುಕೊಂಡು ಮಿಸ್ ಮನೆಗೆ ಹೋದ. ಮಿಸ್ ಮಾತನ್ನು ಕೇಳಿ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು.

“ನನಗೆ ಹಾಗೆ ಅನ್ನಿಸಿದ್ದು ಅಷ್ಟಾಗಿ ಗೊತ್ತಿಲ್ಲ,” ಅಂದರು. “ಮನೇಲಿ ಒಬ್ಬಳೇ ಇರೋದೇ ನನಗೆ ಸುಖ. ಆದರೂ ಇಂಥ ಮಾತು ನಾನಲ್ದೆ ಇನ್ಯಾರು ಹೇಳ್ತಾರೆ? ನಾನೇ ಹೇಳಿರಬೇಕು. ಗುರುಮಲ್ಲಣ್ಣ ಒಳ್ಳೆಯವರು.”

“ಅಣ್ಣ ಅನ್ನಬಾರದಮ್ಮ ಇನ್ನು,” ಅಂದ ಪದ್ಮನಾಭಯ್ಯ.

ಮದುವೆಗೆ ಬೋಂಡ ಕರಿಯುವ ಕೆಲಸ ಯಾರಿಗೆ ಬಂತು ಅಂತ ಹೇಳಬೇಕಾಗಿಲ್ಲ. ಬೇವಿನ ಮರದ ಹತ್ತಿರವೇ ಚಪ್ಪರ ಎದ್ದಿತು. ಚಿಕ್ಕತಾಯಮ್ಮ ದೊಡ್ಡ ಬಾಣಲಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ಮಂಟಪದ ಕಡೆ ಮಾಡಿ ಕೂತಳು. ಆ ಮಧ್ಯಾಹ್ನ ಅವಳು ಒಬ್ಬರನ್ನೂ ಬೈಯಲಿಲ್ಲ. ಸೈಕಲ್ಲಿನವನು ಬೇಕೆಂದೇ ಎರಡು ಸಲ ಧೂಳೆಬ್ಬಿಸಿಕೊಂಡು ಹೋದ, ಆಗಲೂ ಇಲ್ಲ. ಜನಕ್ಕೆ ಭಯವಾಯಿತು.

“ಯಾಕ್ ತಾಯಮ್ಮ, ಮೈ ಉಷಾರಿಲ್ವಾ?” ಅಂತ ಯಾರೋ ಕೇಳಿದರು.

“ಹೊಗೆ ಕಣ್ರಪ್ಪ, ಕಣ್ಣಿಗೆ ಹೊಗೆ,” ಅಂದಳು. ಒಲೆಯಲ್ಲಿ ಉರಿ ಚೆನ್ನಾಗಿಯೇ ಇತ್ತು. ಹೊಗೆಯೇನೂ ಇರಲಿಲ್ಲ.

ತಾಳಿ ಕಟ್ಟುವ ಮುಂಚೆ ನಮ್ಮಲ್ಲಿ ‘ಮಾತು ಒಪ್ಪಿಸುವುದು’ ಅಂತ ಶಾಸ್ತ್ರ. ಯಾವ ಮಾತಿನಿಂದ ಸಂಬಂಧ ಕುದುರಿತೋ ಅದನ್ನು ಬಾಯಿ ಹಚ್ಚಿಸಿಕೊಂಡವರು ಎಲ್ಲರೆದುರು ಒಮ್ಮೆ ಆಡಬೇಕು. ಮಿಸ್ ಜರಿ ಸೀರೆಯಲ್ಲಿ ಎದ್ದು ನಿಂತು, ಪಾಠ ಒಪ್ಪಿಸಿದ ಹಾಗೆ ಹೇಳಿದರು: “ನಿಮ್ಮ ದಿಂಬು ಇರುವುದರಿಂದ ಮನೆಯಲ್ಲಿ ನಾನೊಬ್ಬಳೇ ಅನ್ನಿಸುವುದಿಲ್ಲ.”

ಗುರುಮಲ್ಲಪ್ಪ ಕತ್ತೆತ್ತಿದ. ಪೂರ್ತಿ ಮಾತು ತಾನು ಯಾರಿಗೂ ಹೇಳಿಲ್ಲ, ನಿಜಕ್ಕೂ ಹೇಳಿದವಳ ತಲೆಯಲ್ಲಿ ಅದು ಪೂರ್ತಿ ಇರಬೇಕಲ್ಲ?

“ಇನ್ನೂ ಐತಲ್ಲ ಮೇಡಮ್ನೋರೇ,” ಅಂದ ಮೆಲ್ಲಗೆ.

“ಇನ್ನೇನಿದೆ? ಅಷ್ಟೇ ಅಲ್ವಾ ಗುರುಮಲ್ಲಣ್ಣ?”

ಮತ್ತೆ ಅಣ್ಣ! ಪುರೋಹಿತರು ಕೆಮ್ಮಿದರು. ಅಷ್ಟರಲ್ಲಿ ಬಾಣಲಿಯ ಕಡೆಯಿಂದ ಜಾಲರಿ ಎಸೆದ ಸದ್ದಾಯಿತು. ಬೆಳಿಗ್ಗೆಯಿಂದ ಎದೆಗೆ ಅಪ್ಪಿಕೊಂಡು ಕೂತಿದ್ದ ಮಾತನ್ನು ಯಾರೋ ಹೀಗೆ ಅರ್ಧಕ್ಕೆ ಕತ್ತರಿಸಿ, ತೊಳೆದು, ಇಸ್ತ್ರಿ ಮಾಡಿ ಇಟ್ಟದ್ದು ಚಿಕ್ಕತಾಯಮ್ಮನಿಗೆ ತಡೆಯಲಾಗಲಿಲ್ಲ.

“ಬೀಜ ಎಲ್ಲೋಯ್ತು?” ಅಂತ ಕೂಗಿದಳು. “ಹೇಳೋದಾದ್ರೆ ನೆಟ್ಟಗೆ ಹೇಳ್ರಿ! ‘ನಿಮ್ಮ ದಿಂಬಲ್ಲಿ ಒಂದು ಬೀಜ ಸೇರಿಕೊಂಡು ಮಲಗಿದ್ರೆ ಕಿವಿಗೆ ಒತ್ತುತ್ತೆ. ಒತ್ತಲಿ ಬಿಡಿ, ಅದು ಇರೋದ್ರಿಂದ ಮನೇಲಿ ನಾನೊಬ್ಬಳೇ ಅನ್ನಿಸಲ್ಲ.’ ಹಿಂಗೈತೆ ಮಾತು. ನೀವೇ ಆಡಿದ್ ಮಾತ ನೀವೇ ಕೊಲ್ಲಬ್ಯಾಡಿ ಮಿಸ್ಸು!”

ಗುರುಮಲ್ಲಪ್ಪ ಹಸೆಮಣೆಯಿಂದ ಎದ್ದುಬಿಟ್ಟ. ಬಾಸಿಂಗ ಒಂದು ಕಡೆಗೆ ವಾಲಿತು.

“ಬೀಜದ ಸುದ್ದಿ ನಾನ್ಯಾರ್ಗೂ ಹೇಳಿಲ್ಲ. ನಿಂಗೆ ಹೆಂಗ್ ಗೊತ್ತು ತಾಯಮ್ಮ?”

“ಮಿಸ್ಸು ಹೇಳಿದ್ ಕೇಳಿಸ್ಕೊಂಡಿರ್ಬೇಕು. ಇನ್ನೇನು.”

“ನನ್ನ ದಿಂಬಲ್ಲಿ ಬೀಜ ಇಲ್ಲಪ್ಪ,” ಅಂದರು ಮಿಸ್.

“ಎಲ್ರ ದಿಂಬಲ್ಲೂ ಅವೆ!” ಅಂದಳು ಚಿಕ್ಕತಾಯಮ್ಮ.

ಆಗ ಗುರುಮಲ್ಲಪ್ಪನಿಗೆ ಮದುವೆ ಮರೆತು ಹೋಗಿ ಕಸುಬು ನೆನಪಾಯಿತು. “ನನ್ ಹತ್ತೀಲಿ ಬೀಜಾನಾ? ತರ್ರಯ್ಯಾ ಎಲ್ರೂ ದಿಂಬ!” ಅಂತ ಗುಡುಗಿದ. ತಂದೆವು. ನಮ್ಮೂರಿನವರಿಗೆ ಮದುವೆಗಿಂತ ಇಂಥದ್ದರಲ್ಲಿ ಆಸಕ್ತಿ ಹೆಚ್ಚು. ಮೊದಲು ಮಿಸ್ ದಿಂಬನ್ನು ಹರಿದರು. ಬೀಜವಿಲ್ಲ. ಪದ್ಮನಾಭಯ್ಯನದು, ಪುರೋಹಿತರದು, ನನ್ನದು, ಸಿಕ್ಕಸಿಕ್ಕವರದೆಲ್ಲ ಹರಿದರು. ಹತ್ತಿ ಹಾರಿ ಚಟ್ನಿಗೆ ಬಿತ್ತು, ಪುರೋಹಿತರ ಗಡ್ಡಕ್ಕೆ ಅಂಟಿತು. ಬೀಜ ಮಾತ್ರ ಒಂದೂ ಇಲ್ಲ. ಕೊನೆಗೆ ಯಾರೋ ಓಡಿಹೋಗಿ ಚಿಕ್ಕತಾಯಮ್ಮನ ದಿಂಬು ತಂದರು. ಎಣ್ಣೆಯ ಕಮಟು ಹೊಡೆಯುವ, ಬಣ್ಣ ಹೋದ ಹೂವಿನ ಬಟ್ಟೆಯದು. ಗುರುಮಲ್ಲಪ್ಪ ಅದನ್ನು ಹರಿಯಲಿಲ್ಲ. ಕಾಲರಿನ ಸೂಜಿ ತೆಗೆದು ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿದ. ಬಹಳ ಹೊತ್ತು ತಡಕಾಡಿದ. ಹೊರಗೆ ಬಂದ ಅಂಗೈಯಲ್ಲಿ ಕರೀ ಬೀಜವೊಂದು ಇತ್ತು.

ಎಲ್ಲರೂ ಬಾಯಿ ಕಳೆದು ನಿಂತರು. ಪದ್ಮನಾಭಯ್ಯ ಮಾತ್ರ ಸೋಲಲು ತಯಾರಿರಲಿಲ್ಲ.

“ಇರಬಹುದು. ಬೀಜ ಇವಳ ದಿಂಬಲ್ಲಿದೆ ಅಂತಲೇ ಇಟ್ಕೊಳ್ಳೋಣ. ಆದರೆ ಮಾತು? ಇವಳ ಬಾಯಲ್ಲಿ ಅಂಥ ಮಾತು ಬರುತ್ತೇನ್ರಿ? ನೀವೇ ಹೇಳಿ. ಇಷ್ಟು ವರ್ಷದಿಂದ ಬಾಯಿ ಹಚ್ಚಿದ್ದೀನಿ, ನನಗೆ ಗೊತ್ತಾಗಲ್ವೇ?”

“ಅವ್ರು ಹೇಳೋದು ಸರಿ,” ಅಂದಳು ಚಿಕ್ಕತಾಯಮ್ಮ. “ನಾನಂಥೋಳಲ್ಲ. ನನ್ನ ಬಾಯಿ ಊರಿಗೇ ಗೊತ್ತಿಲ್ವಾ? ತಾಳಿ ಕಟ್ಟಿ, ಬೋಂಡ ಆರೋಗ್ತದೆ.”

ಗುರುಮಲ್ಲಪ್ಪ ಬೀಜವನ್ನೇ ನೋಡುತ್ತಿದ್ದ.

“ನನ್ ಕೈಯಲ್ಲಿ ಬೀಜ ತಪ್ಪಿಸ್ಕೊಂಡಿರೋದು ಇದೊಂದೇಯ,” ಅಂದ. “ಯಾಕೆ ಗೊತ್ತಾ? ನಿನ್ ದಿಂಬು ತುಂಬುವಾಗ ನಾನು ಹತ್ತಿ ಕಡೆ ನೋಡ್ತಿರ್ಲಿಲ್ಲ. ರಸ್ತೆ ಆಚೆ ನೋಡ್ತಿದ್ದೆ.”

ರಸ್ತೆಯ ಆಚೆ ಏನಿತ್ತು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಒಲೆ, ಒಂದು ಬಾಣಲಿ, ಒಬ್ಬ ಹೆಂಗಸು.

ಚಿಕ್ಕತಾಯಮ್ಮ ಅತ್ತಳು. ಊರಿನವರ ಮುಂದೆ, ಸೆರಗು ಕೂಡ ಮುಚ್ಚಿಕೊಳ್ಳದೆ, ಚಿಕ್ಕ ಹುಡುಗಿಯ ಹಾಗೆ ಅತ್ತಳು. “ನಂದೇ ಇರ್ಬೇಕು ಕಣ್ರಯ್ಯಾ ಮಾತು,” ಅಂದಳು. “ನಂದೇ. ನಂಗೆ ಹಂಗೇ ಅನ್ನಿಸ್ತಿತ್ತು. ಅಂದೆ ಅಂತ ಮಾತ್ರ ಗೊತ್ತಿರ್ಲಿಲ್ಲ. ನೋಡ್ತಿದ್ದೋನು ಬಾಯ್ಬುಟ್ಟು ಹೇಳಕ್ಕೇನಾಗಿತ್ತು ನಿಂಗೆ, ಮೂದೇವಿ!”

ಇಷ್ಟು ಹೊತ್ತು ನಿಂತೇ ಇದ್ದ ಮಿಸ್ ಹಣೆಯ ಬಾಸಿಂಗ ಕಿತ್ತು ಹಸೆಮಣೆಯ ಮೇಲೆ ಎಸೆದರು.

“ನಿಮ್ಮ ಮನೆ ಎಕ್ಕುಟ್ಟೋಗ!” ಅಂದರು. “ನನ್ನ ಪಾಡಿಗೆ ನಾನು ಸುಖವಾಗಿದ್ದೆ. ಈ ಸೆಕೆಯಲ್ಲಿ ಜರಿ ಸೀರೆ ಉಡಿಸಿ ಕುಣಿಸಿದ್ರಲ್ಲೋ, ಮುಂಡೇವಾ! ನನ್ನ ದಿಂಬನ್ನೂ ಹರಿದು ಹಾಕಿದ್ರಿ!” ಹೀಗೆ ಶುರುವಾದದ್ದು ಬಹಳ ಹೊತ್ತು ನಡೆಯಿತು. ಅದರಲ್ಲಿ ಎಷ್ಟೋ ಬೈಗುಳ ನನಗೆ ಹೊಸದು. ಆದರೆ ಅದನ್ನು ಆಡಿದ ಸರಾಗ ನೋಡಿದರೆ ಅವರಿಗೆ ಹೊಸದಾಗಿರಲಿಲ್ಲ. ಎಷ್ಟು ವರ್ಷದಿಂದ ಇವರು ಬೈದದ್ದನ್ನೆಲ್ಲ ಚಿಕ್ಕತಾಯಮ್ಮನಿಗೆ ಹಚ್ಚಿದ್ದೇವೋ ಏನೋ. ಮುಗಿಸಿ, ಮಿಸ್ ಎರಡು ಬೋಂಡ ತಿಂದು, ಚಿಕ್ಕತಾಯಮ್ಮನ ಕೆನ್ನೆ ಸವರಿ, ಬರಿಗಾಲಲ್ಲೇ ಮನೆಗೆ ಹೋದರು. ಅಷ್ಟು ಸಂತೋಷವಾಗಿ ಅವರು ನಡೆದದ್ದನ್ನು ನಾನು ನೋಡಿರಲಿಲ್ಲ.

ಮುಹೂರ್ತ ಮೀರುವ ಮುಂಚೆ ಗುರುಮಲ್ಲಪ್ಪ ತಾಳಿ ಕಟ್ಟಿದ, ಎಣ್ಣೆ ಮೆತ್ತಿದ ಸೀರೆಯಲ್ಲೇ ಇದ್ದ ಚಿಕ್ಕತಾಯಮ್ಮನಿಗೆ. ಕಟ್ಟಿ ಆದಮೇಲೆ ಬೀಜವನ್ನು ಎಸೆಯಲು ಹೋದ.

“ಎಸೆದ್ಯೋ ಕೈ ಮುರೀತೀನಿ,” ಅಂದಳು. ಅವನು ಅಲ್ಲೇ ಕೂತು ಅದನ್ನು ದಿಂಬಿನೊಳಗಿಟ್ಟು ಹೊಲಿದ.

ಬೆಳಿಗ್ಗೆ ಚಿಕ್ಕತಾಯಮ್ಮ ಎದ್ದಾಗ ತಲೆಯಲ್ಲಿ ಒಂದು ಮಾತಿತ್ತು: ‘ನಿನ್ ದಿಂಬು ತುಂಬುವಾಗ ನಾನು ಹತ್ತಿ ಕಡೆ ನೋಡ್ತಿರ್ಲಿಲ್ಲ.’ ಯಾರು ಹೇಳಿದ್ದೋ, ಯಾವಾಗ ಹೇಳಿದ್ದೋ. ಪಕ್ಕದಲ್ಲಿ ಮೂಗಿನ ಮೇಲೊಂದು ಎಳೆ ಹತ್ತಿ ಅಂಟಿಸಿಕೊಂಡು ಗುರುಮಲ್ಲಪ್ಪ ಗೊರಕೆ ಹೊಡೆಯುತ್ತಿದ್ದ. ಬಾಯಿ ಹಚ್ಚಲು ಅವಳಿಗೆ ಪದ್ಮನಾಭಯ್ಯ ಬೇಕಾಗಲಿಲ್ಲ.

ಹೋಟೆಲಿನಲ್ಲಿ ಅವತ್ತು ಜನವೋ ಜನ. ಎಲ್ಲರ ತಲೆಯಲ್ಲೂ ಬೀಜದ ಮಾತು ಇತ್ತು, ಒಂದು ಬುಟ್ಟಿ ಬೈಗುಳವೂ ಇತ್ತು. ಪದ್ಮನಾಭಯ್ಯ ಕಣ್ಣು ಮುಚ್ಚಿದ, ತೆರೆದ.

“ಬೈಗುಳ ಚಿಕ್ಕತಾಯಮ್ಮಂದು. ಅದರಲ್ಲಿ ಯೋಚನೆ ಮಾಡೋದೇನಿದೆ? ಬೀಜದ್ದು ಮಿಸ್ಸಿಂದು. ಆಹಾ, ಎಂಥ ಮಾತು!”

“ತಾಳಿ ಚಿಕ್ಕತಾಯಮ್ಮನ ಕತ್ತಲ್ಲೈತಲ್ಲ ಅಯ್ನೋರೇ?” ಅಂದ ಮರಿಸಿದ್ದ.

“ಅದು ಬೇರೆ ವಿಷಯ. ಮದುವೆ ಯಾರ ಜೊತೆ ಬೇಕಾದರೂ ಆಗಬಹುದು. ಮಾತು ಮಾತ್ರ ಮಿಸ್ಸಿಂದೇ.”

ಬೇವಿನ ಮರದ ಕೆಳಗೆ ಹಿಟ್ಟು ಕಲಸಿ ಕೊಡುತ್ತಿದ್ದ ಗುರುಮಲ್ಲಪ್ಪ ಇದನ್ನು ಕೇಳಿ, ಕೈ ಕೂಡ ತೊಳೆಯದೆ ಜಗಳಕ್ಕೆ ಹೊರಟ. ಚಿಕ್ಕತಾಯಮ್ಮ ಅವನ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದಳು.

“ಹೇಳ್ಕೊಳ್ಳಿ ಬುಡಿ ಹತ್ತಿಯವ್ರೇ,” ಅಂದಳು. “ಮಾತು ಮಿಸ್ಸಿಗೇ ಇರ್ಲಿ. ಬೀಜ ನನ್ ದಿಂಬಲ್ಲೈತೆ.”